ಒಡ್ಡಿದವನು ಅಲ್ಲಿರುವುದಿಲ್ಲ: ಕ್ರೂರ ಬೋನು, ಉರುಳುಗಳ ನಿಷೇಧ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಎರಡು ಬಾಗಿದ ಉಕ್ಕಿನ ದವಡೆಗಳು, ಅವನ್ನು ಸೆಟೆದು ಹಿಡಿಯುವ ಸ್ಪ್ರಿಂಗು, ನಡುವೆ ಅಂಗೈಗಿಂತ ಚಿಕ್ಕದಾದ ಒಂದು ತಟ್ಟೆ, ಕೆಳಗೊಂದು ಸರಪಳಿ, ಸರಪಳಿಯ ತುದಿಗೆ ನೆಲದಲ್ಲಿ ಹೂತ ಗೂಟ. ಪ್ರಾಣಿ ಓಡಾಡುವ ಜಾಡಿನಲ್ಲಿ ಸಣ್ಣ ಗುಂಡಿ ತೋಡಿ, ದವಡೆಗಳನ್ನು ಅಗಲಿಸಿಟ್ಟು, ಮೇಲೆ ತೆಳುವಾಗಿ ಮಣ್ಣು ಮತ್ತು ತರಗೆಲೆ ಹರಡಿದರೆ ಕೆಲಸ ಮುಗಿಯಿತು. ತಟ್ಟೆಯ ಮೇಲೆ ಹೆಜ್ಜೆ ಬಿದ್ದೊಡನೆ ದವಡೆಗಳು ಕಾಲನ್ನು ಕಚ್ಚುತ್ತವೆ. ಇಂಗ್ಲಿಷಿನಲ್ಲಿ ಲೆಗ್‌ಹೋಲ್ಡ್ ಟ್ರ್ಯಾಪ್ ಎಂದೂ ಜಾ ಟ್ರ್ಯಾಪ್ ಎಂದೂ ಕರೆಯುವ ಈ ಸಾಧನ ಪ್ರಾಣಿಯನ್ನು ಕೊಲ್ಲುವುದಿಲ್ಲ. ಒಡ್ಡಿದವನು ಮರಳಿ ಬರುವವರೆಗೆ ಹಿಡಿದಿಡುತ್ತದೆ, ಅಷ್ಟೆ. ಆ ‘ಅಷ್ಟೆ’ಯ ಒಳಗೆ ಒಂದು ರಾತ್ರಿ ಇರಬಹುದು, ಮೂರು ದಿನಗಳೂ ಇರಬಹುದು.

ವನ್ಯಪ್ರಾಣಿಗಳನ್ನು ಹಿಡಿಯುವ ಅಮಾನವೀಯ ಸಾಧನಗಳನ್ನು ನಿಷೇಧಿಸಬೇಕೆಂಬ ಒತ್ತಾಯ ಇಂದು ಹಲವು ದೇಶಗಳಲ್ಲಿ ಕಾನೂನಿನ ರೂಪ ಪಡೆಯುತ್ತಿದೆ. ಆದರೆ ಚರ್ಚೆ ಬಹುಮಟ್ಟಿಗೆ ಸಾಧನದ ಸುತ್ತಲೇ ನಡೆಯುತ್ತದೆ: ದವಡೆಗೆ ಹಲ್ಲಿದೆಯೇ, ರಬ್ಬರಿನ ಪಟ್ಟಿ ಹಚ್ಚಿದೆಯೇ, ತಂತಿಯ ಕುಣಿಕೆ ಎಲ್ಲಿಯವರೆಗೆ ಬಿಗಿಯುತ್ತದೆ ಎಂಬಿತ್ಯಾದಿ. ಇವು ಮುಖ್ಯವಲ್ಲವೆಂದಲ್ಲ. ಆದರೂ ಬೋನು ಮತ್ತು ಉರುಳುಗಳನ್ನು ಬೇಟೆಯ ಇತರ ವಿಧಾನಗಳಿಂದ ಬೇರ್ಪಡಿಸುವ ಮೂಲ ಸಂಗತಿ ಬೇರೆಯೇ ಆಗಿದೆ. ಬಂದೂಕು ಹಿಡಿದವನು ಗುರಿ ನೋಡುತ್ತಾನೆ, ಯಾವ ಪ್ರಾಣಿಯೆಂದು ತಿಳಿಯುತ್ತಾನೆ, ಗುಂಡು ತಾಗಿದ ಮೇಲೆ ಏನಾಯಿತೆಂದು ಕಾಣುತ್ತಾನೆ. ಉರುಳು ಒಡ್ಡಿದವನಿಗೆ ಇದಾವುದೂ ಇಲ್ಲ. ಅದು ಅವನು ಇಲ್ಲದಾಗ ಕೆಲಸ ಮಾಡುವ ಸಾಧನ. ಅದರ ಲಾಭವೂ ಅದೇ, ಅದರ ಕ್ರೌರ್ಯದ ಬೇರೂ ಅದೇ. ನಿಷೇಧದ ಕಾನೂನುಗಳು ಈ ಗೈರುಹಾಜರಿಯನ್ನು ಎಷ್ಟರಮಟ್ಟಿಗೆ ಅರ್ಥಮಾಡಿಕೊಂಡಿವೆ ಎಂಬುದರ ಮೇಲೆಯೇ ಅವುಗಳ ಗೆಲುವು ಸೋಲು ನಿಂತಿದೆ ಎಂಬುದು ಈ ಲೇಖನದ ವಾದ.

ಸಿಕ್ಕಿಬಿದ್ದ ಪ್ರಾಣಿಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಮೊದಲ ಕೆಲವು ನಿಮಿಷ ಅದು ಸರಪಳಿ ಎಳೆಯುವಷ್ಟು ದೂರ ಹಾರಿ ಹಾರಿ ಬೀಳುತ್ತದೆ. ಚರ್ಮ ಹರಿಯುವುದು, ಕೀಲು ತಪ್ಪುವುದು, ಸ್ನಾಯುರಜ್ಜು ತುಂಡಾಗುವುದು ಹೆಚ್ಚಾಗಿ ಈ ಹೊತ್ತಿನಲ್ಲಿಯೇ. ಆಮೇಲೆ ಉಕ್ಕನ್ನು ಕಚ್ಚತೊಡಗುತ್ತದೆ, ಹಲ್ಲು ಮುರಿಯುತ್ತದೆ. ರಕ್ತಸಂಚಾರ ತಡೆದ ಪಾದ ಊದಿ, ತಣ್ಣಗಾಗಿ, ಮರಗಟ್ಟುತ್ತದೆ. ಮರಗಟ್ಟಿದ ಭಾಗವನ್ನು ಕೆಲವು ಪ್ರಾಣಿಗಳು ತಾವೇ ಕಡಿದುಕೊಳ್ಳುವುದೂ ಉಂಟು. ಕೊನೆಗೆ ಸುಮ್ಮನಾಗುತ್ತದೆ. ಬೆಳಿಗ್ಗೆ ಬಂದು ನೋಡಿದವನಿಗೆ ಅದು ಶಾಂತವಾಗಿ ಮಲಗಿದಂತೆ ಕಾಣುತ್ತದೆ, ಆದರೆ ಬೋನುಗಳ ಪರೀಕ್ಷೆಗೆಂದು ರೂಪಿಸಿದ ಅಂತರರಾಷ್ಟ್ರೀಯ ಮಾನದಂಡವೇ ಇಂಥ ಅತಿಯಾದ ನಿಶ್ಚಲತೆಯನ್ನು ಯಾತನೆಯ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿದೆ. ಬಿಡಿಸಿ ಕಾಡಿಗೆ ಬಿಟ್ಟರೂ ಕಥೆ ಮುಗಿಯುವುದಿಲ್ಲ. ವಿಪರೀತ ಸೆಣಸಾಟ ಮತ್ತು ಭಯದಿಂದ ಸ್ನಾಯುಗಳು ಒಳಗೊಳಗೇ ಕೊಳೆತು, ಹೊರಗೆ ಗಾಯವೇ ಕಾಣದ ಪ್ರಾಣಿ ಕೆಲವು ದಿನಗಳ ನಂತರ ಸಾಯಬಹುದು. ಪಶುವೈದ್ಯರು ಇದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಹಾನಿಯ ಬಹುಪಾಲು ಕಾಲಕ್ಕೆ ಕಟ್ಟುಬಿದ್ದಿದೆ. ಅದೇ ಬೋನು, ಅದೇ ಪ್ರಾಣಿ; ಒಂದು ಗಂಟೆಯಲ್ಲಿ ಬಿಡಿಸಿದರೆ ಕುಂಟುತ್ತಾ ಹೋಗಬಹುದಾದದ್ದು ಎರಡು ದಿನ ಬಿಟ್ಟರೆ ಕಾಲು ಕಳೆದುಕೊಳ್ಳುತ್ತದೆ. ಆದ್ದರಿಂದ ಬೋನನ್ನು ಎಷ್ಟು ಗಂಟೆಗೊಮ್ಮೆ ನೋಡಿ ಬರಬೇಕು ಎಂಬ ನಿಯಮವು ದವಡೆಯ ವಿನ್ಯಾಸದಷ್ಟೇ ಮಹತ್ವದ್ದು. ಅಮೆರಿಕದಲ್ಲಿ ಈ ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆಬೇರೆಯಾಗಿದೆ: ಕೆಲವೆಡೆ 24 ಗಂಟೆ, ಕೆಲವೆಡೆ 72 ಗಂಟೆ, ಅಲಾಸ್ಕಾದಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಮಿತಿಯೇ ಇಲ್ಲ. ಬೋನು ಪರಿಶೀಲನೆಗೆ ಗಂಟೆಯ ಲೆಕ್ಕವಿಡದ ಕಾನೂನು ಮಾನವೀಯ ಬೋನಿನ ಬಗ್ಗೆ ಮಾತನಾಡುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಈ ಆಕ್ಷೇಪ ಹೊಸದೇನಲ್ಲ. ಬ್ರಿಟನ್ನಿನಲ್ಲಿ ಹಲ್ಲುಗಳಿದ್ದ ದವಡೆಯ ಜಿನ್ ಟ್ರ್ಯಾಪ್‌ಗಳ ವಿರುದ್ಧ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಪತ್ನಿ ಎಮ್ಮಾ 1863ರಲ್ಲಿಯೇ ಸಾರ್ವಜನಿಕವಾಗಿ ಬರೆದರು. ಬೇಟೆಯ ಖುಷಿಗೆಂದು ಸಾಕುವ ಹಕ್ಕಿಗಳನ್ನು ಕಾಪಾಡಲು ಸಣ್ಣ ಮಾಂಸಾಹಾರಿಗಳನ್ನು ಹೀಗೆ ಇಡೀ ರಾತ್ರಿ ಉಕ್ಕಿನ ಹಲ್ಲುಗಳ ನಡುವೆ ನರಳಿಸುವುದು ಸರಿಯೇ ಎಂದು ಅವರು ಕೇಳಿದರು. ಕಡಿಮೆ ಹಿಂಸೆಯ ಬೋನು ಮಾಡಿಕೊಟ್ಟವರಿಗೆ ಬಹುಮಾನದ ಘೋಷಣೆಯೂ ಆಯಿತು. ಆದರೂ ಸರ್ಕಾರ ನೇಮಿಸಿದ ಸಮಿತಿಯೊಂದು ಜಿನ್ ಟ್ರ್ಯಾಪ್ ನಿಷೇಧಕ್ಕೆ ಶಿಫಾರಸು ಮಾಡಲು 1951ರವರೆಗೆ ಕಾಯಬೇಕಾಯಿತು; 1954ರಲ್ಲಿ ಕಾನೂನು ಬಂತು; ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಪೂರ್ತಿಯಾಗಿ ಜಾರಿಯಾದದ್ದು 1958ರ ಜುಲೈ ಕೊನೆಗೆ. ಡಾರ್ವಿನ್ ಬರೆದು 95 ವರ್ಷಗಳಾಗಿದ್ದವು.

ತಡವಾಗಿ ಬಂದರೂ ಆ ಕಾನೂನಿನಲ್ಲಿ ಒಂದು ಜಾಣತನವಿತ್ತು. ಅದು ಇಂಥಿಂಥ ಬೋನು ಕೂಡದು ಎಂದು ಪಟ್ಟಿ ಮಾಡುವ ಬದಲು, ಸರ್ಕಾರ ಒಪ್ಪಿಗೆ ಕೊಟ್ಟ ಸ್ಪ್ರಿಂಗ್ ಬೋನುಗಳನ್ನು ಬಿಟ್ಟು ಉಳಿದೆಲ್ಲವೂ ಅಕ್ರಮ ಎಂದಿತು. ಹೆಸರು ಹೇಳಿ ನಿಷೇಧಿಸಿದರೆ ತಯಾರಕನು ಹೆಸರನ್ನೂ ಆಕಾರವನ್ನೂ ಸ್ವಲ್ಪ ಬದಲಿಸಿ ಹೊರಬೀಳುತ್ತಾನೆ. ಒಪ್ಪಿಗೆಯ ಪಟ್ಟಿ ಇದ್ದರೆ ಹೊಸ ಸಾಧನ ತನ್ನ ಯೋಗ್ಯತೆಯನ್ನು ತಾನೇ ಸಾಬೀತು ಮಾಡಬೇಕಾಗುತ್ತದೆ.

ಇಂದಿನ ಐರೋಪ್ಯ ಒಕ್ಕೂಟದ ಪೂರ್ವರೂಪವಾದ ಐರೋಪ್ಯ ಸಮುದಾಯ 1991ರ ನವೆಂಬರಿನಲ್ಲಿ ಅಂಗೀಕರಿಸಿದ 3254/91 ಸಂಖ್ಯೆಯ ನಿಯಮದ ಕಥೆ ಇದಕ್ಕೆ ತದ್ವಿರುದ್ಧವಾಗಿ ಬೆಳೆಯಿತು. ಈ ನಿಯಮ ಎರಡು ಕೆಲಸ ಮಾಡಿತು: 1995ರ ಜನವರಿ 1ರಿಂದ ತನ್ನ ಸದಸ್ಯ ರಾಷ್ಟ್ರಗಳಲ್ಲಿ ಲೆಗ್‌ಹೋಲ್ಡ್ ಟ್ರ್ಯಾಪ್ ಬಳಕೆಯನ್ನು ನಿಲ್ಲಿಸಿತು, ಜೊತೆಗೆ ಬೀವರ್, ನೀರುನಾಯಿ, ತೋಳ, ಲಿಂಕ್ಸ್, ರಕೂನ್, ಸೇಬಲ್ ಮೊದಲಾದ 13 ಪ್ರಭೇದಗಳ ತುಪ್ಪಳವನ್ನು, ಆ ಬೋನನ್ನು ಇನ್ನೂ ಬಳಸುವ ಅಥವಾ ಮಾನವೀಯ ಮಾನದಂಡ ಪಾಲಿಸದ ದೇಶಗಳಿಂದ ತರಿಸಿಕೊಳ್ಳುವುದಿಲ್ಲ ಎಂದಿತು. ಮೊದಲನೆಯದಕ್ಕೆ ಹೊರಗಿನವರ ತಕರಾರಿರಲಿಲ್ಲ. ಎರಡನೆಯದು ಕೆನಡಾ, ರಷ್ಯಾ ಮತ್ತು ಅಮೆರಿಕದ ತುಪ್ಪಳದ ವ್ಯಾಪಾರಕ್ಕೆ ನೇರವಾಗಿ ತಾಗಿತು. ಆಗಷ್ಟೇ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತ್ತು. ಆಮದು ತಡೆಯನ್ನು ಅಲ್ಲಿ ಪ್ರಶ್ನಿಸುತ್ತೇವೆಂಬ ಬೆದರಿಕೆ ಬಂತು. ಕೊನೆಗೆ ಆಮದು ತಡೆಯ ಬದಲು ಒಪ್ಪಂದ ಸಿದ್ಧವಾಯಿತು. ಮಾನವೀಯ ಬೋನುಗಾರಿಕೆಯ ಅಂತರರಾಷ್ಟ್ರೀಯ ಮಾನದಂಡಗಳ ಒಪ್ಪಂದವೆಂಬ ಅದಕ್ಕೆ ಐರೋಪ್ಯ ಒಕ್ಕೂಟ, ಕೆನಡಾ, ರಷ್ಯಾ ಸಹಿ ಹಾಕಿದವು. ಅಮೆರಿಕ ತನ್ನದೇ ಪ್ರತ್ಯೇಕ ತಿಳಿವಳಿಕೆಪತ್ರಕ್ಕೆ ಒಪ್ಪಿತು. ರಷ್ಯಾದ ಅನುಮೋದನೆ ಸಿಕ್ಕಿ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ.

ಈ ಒಪ್ಪಂದದ ಒಳಗಿನ ಅಂಕಿಗಳನ್ನು ನಿಧಾನವಾಗಿ ಓದಬೇಕು. ಕೊಲ್ಲುವ ಬೋನನ್ನು ಕನಿಷ್ಠ 12 ಪ್ರಾಣಿಗಳ ಮೇಲೆ ಪರೀಕ್ಷಿಸಬೇಕು. ಅವುಗಳಲ್ಲಿ ಶೇಕಡ 80ರಷ್ಟು ನಿಗದಿತ ಸಮಯದೊಳಗೆ ಪ್ರಜ್ಞೆ ತಪ್ಪಿದರೆ ಆ ಬೋನು ಮಾನವೀಯ. ಆ ಸಮಯ ಅರ್ಮಿನ್ ಎಂಬ ಪುಟ್ಟ ಪ್ರಾಣಿಗೆ 45 ಸೆಕೆಂಡು, ಮಾರ್ಟೆನ್ ಮತ್ತು ಸೇಬಲ್‌ಗಳಿಗೆ 120 ಸೆಕೆಂಡು, ಉಳಿದವಕ್ಕೆ 300 ಸೆಕೆಂಡು. ಮುನ್ನೂರು ಸೆಕೆಂಡು ಎಂದರೆ ಐದು ನಿಮಿಷ. ಗಡಿಯಾರದ ಮುಂದೆ ಕುಳಿತು, ಕುತ್ತಿಗೆಯನ್ನೋ ಎದೆಯನ್ನೋ ಉಕ್ಕು ಅಮುಕಿ ಹಿಡಿದ ಪ್ರಾಣಿಯನ್ನು ಮನಸ್ಸಿಗೆ ತಂದುಕೊಂಡು ಐದು ನಿಮಿಷ ಎಣಿಸಿದವರಿಗೆ ಆ ಪದದ ಬೆಲೆ ತಿಳಿಯುತ್ತದೆ. ಇದನ್ನು ಮುಂದೆ 180 ಸೆಕೆಂಡಿಗೆ ಇಳಿಸುವ ಆಶಯ ಒಪ್ಪಂದದಲ್ಲಿಯೇ ಇದೆ ಎಂಬುದನ್ನೂ ಹೇಳಬೇಕು. ಹಿಡಿದಿಡುವ ಬೋನಾದರೆ ಕನಿಷ್ಠ 20 ಪ್ರಾಣಿಗಳ ಪರೀಕ್ಷೆ, ಅವುಗಳಲ್ಲಿ ಶೇಕಡ 80ರಷ್ಟಕ್ಕೆ ಮೂಳೆಮುರಿತ, ಕೀಲುತಪ್ಪು, ಹಲ್ಲಿನ ಒಳತಿರುಳು ಕಾಣುವಂಥ ಮುರಿತ, ಕಣ್ಣಿನ ಗಾಯ, ಅಂಗಚ್ಛೇದ ಇತ್ಯಾದಿ ಆಗಿರಬಾರದು. ಅಂದರೆ ಐದರಲ್ಲಿ ಒಂದಕ್ಕೆ ಇವುಗಳಲ್ಲಿ ಯಾವುದಾದರೂ ಆದರೂ ಬೋನು ತೇರ್ಗಡೆಯಾಗುತ್ತದೆ.

ಈ ಗೆರೆಯನ್ನು ವಿಜ್ಞಾನ ಎಳೆಯಲಿಲ್ಲ ಎಂಬುದಕ್ಕೆ ಒಂದು ಪೂರ್ವಕಥೆಯಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ 1987ರಿಂದಲೇ ಮಾನವೀಯ ಬೋನಿಗೆ ಮಾನದಂಡ ಹುಡುಕುತ್ತಿತ್ತು. ಎಷ್ಟು ಸೆಕೆಂಡಿನ ನೋವು ಒಪ್ಪತಕ್ಕದ್ದು ಎಂಬಲ್ಲಿ ಸಹಮತ ಮೂಡದೆ, 1999ರಲ್ಲಿ ಹೊರಬಂದ ಅದರ ಮಾನಕಗಳು ಬೋನನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನಷ್ಟೇ ಹೇಳಿದವು. ಯಾವುದು ಪಾಸು, ಯಾವುದು ಫೇಲು ಎನ್ನಲಿಲ್ಲ. ಎಲ್ಲಿ ತಜ್ಞರು ಕೈಚೆಲ್ಲಿದರೋ ಅಲ್ಲಿ ವ್ಯಾಪಾರದ ಮಾತುಕತೆ ಸಂಖ್ಯೆ ನಮೂದಿಸಿತು. ಹಾಗೆಂದು ಒಪ್ಪಂದದಿಂದ ಪ್ರಯೋಜನವೇ ಆಗಿಲ್ಲವೆನ್ನಲಾಗದು: ಕೆನಡಾದಲ್ಲಿ ಪ್ರಮಾಣಪತ್ರ ಪಡೆಯದ ಎಷ್ಟೋ ಹಳೆಯ ಬೋನುಗಳು ಮೂಲೆ ಸೇರಿದವು. ಬ್ರಿಟನ್ನಿನಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಫೆನ್ ಟ್ರ್ಯಾಪ್ ಎಂಬ ಕೊಲ್ಲುವ ಸ್ಪ್ರಿಂಗ್ ಬೋನು ಈ ಮಾನದಂಡ ಮುಟ್ಟದ ಕಾರಣ 2020ರ ಏಪ್ರಿಲ್ 1ರಿಂದ ಅರ್ಮಿನ್‌ಗಳನ್ನು ಹಿಡಿಯಲು ಅಕ್ರಮವಾಯಿತು. ಆದರೆ ಅದೇ ಫೆನ್ ಟ್ರ್ಯಾಪ್‌ನಲ್ಲಿ ಇಲಿ ಹಿಡಿದರೆ ಸಕ್ರಮ. ಒಪ್ಪಂದದ ಪಟ್ಟಿಯಲ್ಲಿ ಇರುವುದು 19 ಪ್ರಭೇದಗಳು, ಹೆಚ್ಚಿನವು ತುಪ್ಪಳಕ್ಕೆ ಬೆಲೆಯಿರುವಂಥವು. ಇಲಿಯಾಗಲಿ ಕೆಂಪು ನರಿಯಾಗಲಿ ಅದರಲ್ಲಿಲ್ಲ. ಒಂದೇ ಸ್ಪ್ರಿಂಗು, ಒಂದೇ ಬಿಗಿತ. ನೋವಿನ ಲೆಕ್ಕ ಮಾತ್ರ ಪ್ರಾಣಿಯ ಹೆಸರಿನ ಮೇಲೆ.

ಗೈರುಹಾಜರಿಯ ಇನ್ನೊಂದು ಫಲವೆಂದರೆ ಬೋನಿಗೆ ಯಾರು ಬರಲಿದ್ದಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಹಂದಿಗೆಂದು ಬಿಗಿದ ಉರುಳಿಗೆ ಚಿರತೆ ಬೀಳುತ್ತದೆ, ಆನೆಮರಿಯ ಸೊಂಡಿಲು ಸಿಲುಕುತ್ತದೆ. ಉಗಾಂಡಾದ ಬುಡೊಂಗೊ ಕಾಡಿನ ಚಿಂಪಾಂಜಿಗಳಲ್ಲಿ ಕೈಯ ಬೆರಳುಗಳನ್ನೋ ಪಾದವನ್ನೋ ಉರುಳಿಗೆ ಕಳೆದುಕೊಂಡವು ಹಲವಿವೆ. ಅವುಗಳನ್ನು ಹಿಡಿಯಬೇಕೆಂದು ಯಾರೂ ಉರುಳು ಒಡ್ಡಿರಲಿಲ್ಲ, ಸಣ್ಣ ಜಿಂಕೆಗೆಂದು ಒಡ್ಡಿದ್ದರು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ 2018ರಲ್ಲಿ ರಾಕ್ಸಿ ಎಂಬ ನಾಯಿ ಸಾರ್ವಜನಿಕ ಜಾಗದಲ್ಲಿ ಉರುಳಿಗೆ ಸಿಕ್ಕಿ ಸತ್ತಿತು. ಆ ಹೆಸರಿನಲ್ಲಿಯೇ ಜನ ಕರೆಯುವ ಕಾನೂನು 2022ರ ಏಪ್ರಿಲ್‌ನಿಂದ ಅಲ್ಲಿನ ಸಾರ್ವಜನಿಕ ಭೂಮಿಯಲ್ಲಿ ಬೋನು, ಉರುಳುಗಳನ್ನು ಬಹುಮಟ್ಟಿಗೆ ನಿಲ್ಲಿಸಿತು. ಕಾಡುಪ್ರಾಣಿಗಳು ಎಷ್ಟೋ ಕಾಲದಿಂದ ಸಾಯುತ್ತಿದ್ದರೂ ಕಾನೂನು ಅಲುಗಿದ್ದು ಒಂದು ಸಾಕುನಾಯಿಯಿಂದ ಎಂಬುದು ಮನುಷ್ಯಸ್ವಭಾವದ ಬಗ್ಗೆ ಏನೋ ಹೇಳುತ್ತದೆ. ಅದನ್ನು ಇಲ್ಲಿಗೇ ಬಿಡೋಣ.

ನಿಷೇಧವನ್ನು ವಿರೋಧಿಸುವವರೆಲ್ಲ ತುಪ್ಪಳದ ವ್ಯಾಪಾರಿಗಳಲ್ಲ. ಅವರ ವಾದಗಳಲ್ಲಿ ಗಟ್ಟಿಯಾದದ್ದು ಸಂರಕ್ಷಣೆಯದೇ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ಉಕ್ಕಿನ ದವಡೆಯ ಬೋನುಗಳನ್ನು ಜನಮತದ ಮೂಲಕ ನಿಷೇಧಿಸಿದಾಗ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಜವುಗಿನಲ್ಲಿ ಅಳಿವಿನಂಚಿನ ನೆಲಗೂಡಿನ ಹಕ್ಕಿಗಳನ್ನು ಹೊರಗಿನಿಂದ ಬಂದ ಕೆಂಪು ನರಿಗಳಿಂದ ಕಾಪಾಡುತ್ತಿದ್ದವರ ಕೈ ಕಟ್ಟಿಹೋಯಿತು. ಆಡುಬಾನ್ ಸೊಸೈಟಿಯಂಥ ಪಕ್ಷಿಪ್ರೇಮಿ ಸಂಸ್ಥೆಯೇ ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ, ಅಳಿವಿನಂಚಿನ ಪ್ರಭೇದಗಳ ರಕ್ಷಣೆಗಾಗಿ ಒಕ್ಕೂಟ ಸರ್ಕಾರ ಮಾಡುವ ಕೆಲಸಕ್ಕೆ ರಾಜ್ಯದ ಆ ನಿಷೇಧ ಅಡ್ಡಬರಲಾಗದು ಎಂದಿತು. ಮ್ಯಾಸಚೂಸೆಟ್ಸ್‌ನಲ್ಲಿ 1996ರ ಇಂಥದೇ ಜನಮತದ ಬಳಿಕ ಬೀವರ್‌ಗಳು ಕಟ್ಟಿದ ಅಣೆಗಳಿಂದ ರಸ್ತೆ, ಬಾವಿಗಳಿಗೆ ನೀರು ನುಗ್ಗುವ ದೂರು ಹೆಚ್ಚಿ, 2000ದಲ್ಲಿ ಶಾಸನ ತಿದ್ದಿ ತುರ್ತು ಪರವಾನಗಿಗೆ ಅವಕಾಶ ಮಾಡಬೇಕಾಯಿತು. ನ್ಯೂಜಿಲೆಂಡ್‌ನಲ್ಲಂತೂ ಇಲಿ, ಅರ್ಮಿನ್, ಪೋಸಮ್‌ಗಳನ್ನು ಬೋನಿನಿಂದ ಕೊಲ್ಲದೆ ಹಾರಲಾರದ ಹಕ್ಕಿಗಳನ್ನು ಉಳಿಸುವ ದಾರಿಯೇ ಸದ್ಯಕ್ಕಿಲ್ಲ.

ಈ ಆಕ್ಷೇಪಗಳನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಆದರೆ ಅವು ಸಾಧಿಸುವುದಾದರೂ ಎಷ್ಟು? ಗೊತ್ತಾದ ಜಾಗದಲ್ಲಿ, ಗೊತ್ತಾದ ಪ್ರಾಣಿಗಾಗಿ, ಹೆಸರು ಬರೆದುಕೊಟ್ಟ ಸಿಬ್ಬಂದಿ, ದಿನವೂ ನೋಡಿಬರುವ ಷರತ್ತಿನ ಮೇಲೆ ಬೋನಿಡಬಹುದು ಎಂಬುದನ್ನು ಮಾತ್ರ. ಯಾರು ಬೇಕಾದರೂ ಎಲ್ಲಿ ಬೇಕಾದರೂ ಇಟ್ಟು ವಾರಾಂತ್ಯಕ್ಕೆ ಬಂದು ನೋಡಲಿ ಎಂಬುದಕ್ಕೆ ಅವು ಸಮರ್ಥನೆಯಾಗವು. ಬೋನಿನ ಬಾಗಿಲು ಬಿದ್ದೊಡನೆ ಫೋನಿಗೆ ಸಂದೇಶ ಕಳಿಸುವ ಉಪಕರಣ ಈಗ ಅಪರೂಪವಲ್ಲ. ಪೆಟ್ಟಿಗೆಯಂಥ ಬೋನಿಗೆ ಅದನ್ನು ಜೋಡಿಸಿದರೆ ಹಿಡಿದವನು ಒಂದು ಅರ್ಥದಲ್ಲಿ ಸ್ಥಳದಲ್ಲಿಯೇ ಇದ್ದಂತೆ. ತಪ್ಪಿ ಬಂದ ಪ್ರಾಣಿಯನ್ನು ಗಾಯವಿಲ್ಲದೆ ಬಿಡಲೂಬಹುದು.

ಮನೆ, ಗೋದಾಮುಗಳ ಅಂಟು ಹಲಗೆಗೆ ಈ ಸಮರ್ಥನೆಯೂ ಇಲ್ಲ. ಇಲಿ ಅದರ ಮೇಲೆ ಹಸಿವು, ಬಾಯಾರಿಕೆ, ಬಳಲಿಕೆಯಿಂದ ಗಂಟೆಗಟ್ಟಲೆ ಸಾಯುತ್ತದೆ; ಮುಖ ಅಂಟಿಕೊಂಡರೆ ಉಸಿರುಗಟ್ಟುತ್ತದೆ. ಗುಬ್ಬಿ, ಹಾವು, ಹಲ್ಲಿಗಳೂ ಅಂಟುತ್ತವೆ. ನ್ಯೂಜಿಲೆಂಡ್ 2015ರಿಂದ, ವೇಲ್ಸ್ 2023ರಿಂದ ಇದನ್ನು ತಡೆದಿವೆ. ಇಂಗ್ಲೆಂಡಿನಲ್ಲಿ 2024ರ ಜುಲೈ 31ರಿಂದ ಪರವಾನಗಿ ಪಡೆದ ವೃತ್ತಿಪರರು ಮಾತ್ರ ಬಳಸಬಹುದು. ಹಕ್ಕಿ ಹಿಡಿಯಲು ಕೊಂಬೆಗೆ ಅಂಟು ಸವರುವ ಫ್ರಾನ್ಸಿನ ಪದ್ಧತಿಯ ವಿರುದ್ಧ ಐರೋಪ್ಯ ನ್ಯಾಯಾಲಯ 2021ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಸಂಪ್ರದಾಯ ಎಂಬ ಒಂದೇ ಕಾರಣಕ್ಕೆ ಅದು ಉಳಿಯಲಾರದು, ಬೇರೆ ಪ್ರಾಣಿಗೆ ಸರಿಪಡಿಸಲಾಗದ ಹಾನಿ ಆಗುತ್ತದೆ ಎಂಬುದು ಅದರ ತಿರುಳು.

ಉರುಳಿನ ವಿಷಯ ಇದೆಲ್ಲಕ್ಕಿಂತ ಕಠಿಣ. ವೇಲ್ಸ್ 2023ರ ಅಕ್ಟೋಬರ್ 17ರಂದು ಬ್ರಿಟನ್ನಿನಲ್ಲಿಯೇ ಮೊದಲಾಗಿ ಉರುಳುಗಳನ್ನು ಸಂಪೂರ್ಣ ನಿಷೇಧಿಸಿತು, ಮರುವರ್ಷ ನವೆಂಬರಿನಲ್ಲಿ ಸ್ಕಾಟ್ಲೆಂಡ್ ಹಿಂಬಾಲಿಸಿತು. ಅದಕ್ಕೂ ಮೊದಲು ಬಳಕೆದಾರರು ಉರುಳಿಗೆ ಹ್ಯೂಮೇನ್ ಕೇಬಲ್ ರಿಸ್ಟ್ರೇಂಟ್ (ಮಾನವೀಯ ತಂತಿ ತಡೆ) ಎಂದು ಹೊಸ ಹೆಸರಿಟ್ಟು, ಇದು ಬಿಗಿಯುವುದಿಲ್ಲ, ಹಿಡಿದಿಡುತ್ತದೆ ಎಂದು ವಾದಿಸಿದ್ದರು. ಶಾಸಕರು ಹೆಸರಿಗೆ ಮರುಳಾಗಲಿಲ್ಲ. ಆದರೆ ಬ್ರಿಟನ್ನಿನಲ್ಲಿ ಉರುಳು ಒಡ್ಡುತ್ತಿದ್ದವರು ಬಹುಪಾಲು ವಿಳಾಸವಿದ್ದ ಜಮೀನಿನ ಕೆಲಸಗಾರರು. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ಕಾಡುಗಳಲ್ಲಿ ಹಾಗಲ್ಲ. ಈ ಮೂರು ದೇಶಗಳ ಸಂರಕ್ಷಿತ ಪ್ರದೇಶಗಳಲ್ಲಿ ಯಾವುದೇ ಹೊತ್ತಿನಲ್ಲಿ 1.23 ಕೋಟಿ ಉರುಳುಗಳಿರಬಹುದೆಂದು ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ 2020ರಲ್ಲಿ ಅಂದಾಜಿಸಿತು. 1992ರಲ್ಲಷ್ಟೇ ವಿಜ್ಞಾನದ ಕಣ್ಣಿಗೆ ಬಿದ್ದ ಸಾವೊಲಾ ಎಂಬ ಗೊರಸುಳ್ಳ ಕಾಡುಪ್ರಾಣಿ 2013ರ ನಂತರ ಕ್ಯಾಮೆರಾಕ್ಕೆ ಸಿಕ್ಕಿಲ್ಲ. ಉರುಳು ಒಡ್ಡಿದವರಲ್ಲಿ ಎಷ್ಟು ಜನಕ್ಕೆ ಅದರ ಹೆಸರಾದರೂ ಗೊತ್ತಿತ್ತೋ.

ಆ ದೇಶಗಳಲ್ಲಿ ನಿಷೇಧವಿಲ್ಲವೆಂದಲ್ಲ, ಸಂರಕ್ಷಿತ ಪ್ರದೇಶದಲ್ಲಿ ಬೇಟೆ ಅಲ್ಲಿಯೂ ಅಪರಾಧವೇ. ಕಷ್ಟವಿರುವುದು ಸಾಕ್ಷ್ಯದಲ್ಲಿ. ಕೊಂದವನನ್ನು ಹಿಡಿಯಬೇಕಾದರೆ ಅವನು ಅಲ್ಲಿರಬೇಕು, ಅವನು ಇರುವುದಿಲ್ಲ. ಆದ್ದರಿಂದ ಕಾನೂನು ಸಾವಿನವರೆಗೆ ಕಾಯದೆ, ಉರುಳನ್ನು ಹೊತ್ತೊಯ್ಯುವ ಹಂತದಲ್ಲಿಯೇ ತಡೆಯಬೇಕಾಗುತ್ತದೆ. ಈ ದೃಷ್ಟಿಯಿಂದ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪದಗಳು ಗಮನಾರ್ಹ. ಅದರಲ್ಲಿ ಬೇಟೆಯ ವ್ಯಾಖ್ಯಾನಕ್ಕೆ ಕೊಲ್ಲುವುದರ ಜೊತೆಗೆ ಉರುಳು ಹಾಕುವುದು, ಬೋನಿನಲ್ಲಿ ಹಿಡಿಯುವುದು, ಅದಕ್ಕೆ ಪ್ರಯತ್ನಿಸುವುದೂ ಸೇರಿವೆ. ಆಯುಧದ ವ್ಯಾಖ್ಯಾನದಲ್ಲಿ ಬಂದೂಕಿನ ಸಾಲಿನಲ್ಲಿಯೇ ಬಲೆ, ಉರುಳು, ಬೋನುಗಳ ಹೆಸರಿದೆ. 31ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಹೊಗುವುದೇ ತಪ್ಪು. ಕಾಗದದ ಮೇಲೆ ಇದು ಬ್ರಿಟನ್ನಿನ ಹೊಸ ಶಾಸನಗಳಿಗಿಂತ ಅರ್ಧ ಶತಮಾನ ಮುಂದಿದೆ. ಆದರೆ ಅಭಯಾರಣ್ಯದ ಹೊರಗಿನ ಬೇಲಿಸಾಲಿನಲ್ಲಿ, ಬೆಳೆ ತಿನ್ನುವ ಹಂದಿಗೆಂದು ಉರುಳು ಬಿಗಿಯುವ ರೈತನಿಗೆ ಬೆಳೆನಷ್ಟದ ಪರಿಹಾರ ಹೊತ್ತಿಗೆ ಸಿಗದಿದ್ದರೆ ಈ ಪದಗಳ ಬಲ ಅಲ್ಲಿಗೆ ಮುಟ್ಟುವುದಿಲ್ಲ.

ಲೆಗ್‌ಹೋಲ್ಡ್ ಟ್ರ್ಯಾಪ್ ಅನ್ನು ಕಾರ್ಖಾನೆಯಲ್ಲಿ ತಯಾರಿಸಬೇಕು, ಅಂಗಡಿಯಲ್ಲಿ ಮಾರಬೇಕು; ತಯಾರಿಕೆ, ಮಾರಾಟ, ಇಟ್ಟುಕೊಳ್ಳುವಿಕೆ ಮೂರನ್ನೂ ನಿಲ್ಲಿಸಿದರೆ ಅದು ಕ್ರಮೇಣ ಕಾಣೆಯಾಗುತ್ತದೆ, ಜಿನ್ ಟ್ರ್ಯಾಪ್ ಆದದ್ದೂ ಹಾಗೆಯೇ. ಉರುಳಿಗೆ ಕಾರ್ಖಾನೆ ಬೇಡ. ಬೈಕಿನ ಹಳೆಯ ಬ್ರೇಕ್ ಕೇಬಲ್ಲು ಒಂದು ಮಾರಿನಷ್ಟು ಉದ್ದ ಇದ್ದರೆ ಸಾಕು. ಒಂದು ತುದಿಯಲ್ಲಿ ಕಣ್ಣು ಮಾಡಿ, ಅದರೊಳಗೆ ಇನ್ನೊಂದು ತುದಿ ತೂರಿಸಿ, ಬಾಗಿಸಿದ ಎಳೆಯ ಮರಕ್ಕೆ ಬಿಗಿಯಲು ಹತ್ತು ನಿಮಿಷವೂ ಬೇಡ. ಗಸ್ತಿನವರು ಅದನ್ನು ಕಂಡುಹಿಡಿಯಲು ತರಗೆಲೆಯ ಮೇಲೆ ಕೋಲಾಡಿಸುತ್ತಾ ಸಾಲಾಗಿ ನಡೆಯುತ್ತಾರೆ. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳ 11 ಸಂರಕ್ಷಿತ ಪ್ರದೇಶಗಳಲ್ಲಿ 2005ರಿಂದ 2019ರವರೆಗೆ ಹೀಗೆ ಕಿತ್ತು ತೆಗೆದ ಉರುಳುಗಳು 3,71,000ಕ್ಕೂ ಹೆಚ್ಚು. ಅವುಗಳನ್ನು ಒಡ್ಡಿದವರ ಪೈಕಿ ನ್ಯಾಯಾಲಯದವರೆಗೆ ಬಂದವರು ತೀರಾ ಕಡಿಮೆ. ಆ ಕಾಡುಗಳ ಸುತ್ತ ಕೆಲಸ ಮಾಡುವ ಸಂರಕ್ಷಣಾ ತಜ್ಞರು ಈಗ ಕೇಳುತ್ತಿರುವುದೂ ಅದನ್ನೇ: ಸಂರಕ್ಷಿತ ಪ್ರದೇಶದ ಗಡಿಯೊಳಗೆ ಉರುಳಿನ ತಂತಿ ಜೊತೆಯಲ್ಲಿದ್ದರೆ ಸಾಕು, ಪ್ರಾಣಿ ಸಿಕ್ಕಿರಲಿ ಇಲ್ಲದಿರಲಿ, ಅದನ್ನೇ ಅಪರಾಧವೆಂದು ಪರಿಗಣಿಸಬೇಕು.